ಕಲ್ಲಿನ ಮೇಲಿರೋ ನಂಬರಿಂದ ಶುರು ಮಾಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೇ ಸಿಮೆಟ್ರಿಗಳಲ್ಲಿರೋ ಸೈನಿಕರ ಸಮಾಧಿಗಳ ಬಗ್ಗೆ ಹೋದ ಸಲ ಒಂದು ಚಿಕ್ಕ ಉತ್ತರ ಬರೆದಿದ್ದೆ, ಅದಕ್ಕೆ ಬಂದ ಪತ್ರಗಳನ್ನ ನೋಡಿ ಈ ಸಂಚಿಕೆಯ ಕಾಲಂ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಪತ್ರ ಬರೆದೋರ ಹೆಸರು ಹಾಕಿಲ್ಲ. ಇಲ್ಲಿ ಹೇಳಿರೋದು ಹೆಚ್ಚಾಗಿ ಎರಡು ಮಹಾಯುದ್ಧಗಳಲ್ಲಿ ಸತ್ತ ಬ್ರಿಟಿಷ್ ಮತ್ತೆ ಕಾಮನ್‌ವೆಲ್ತ್ ಸೈನಿಕರ ವಿಷಯ, ಅದರಲ್ಲಿ ಇಂಡಿಯನ್ ಸೈನಿಕರೂ ಬರ್ತಾರೆ.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ದಿನಾ ಓಡಾಡೋ ದಾರೀಲಿ ಒಂದು ಹಳೇ ಸಿಮೆಟ್ರಿ ಇದೆ, ಅದರ ಮೂಲೇಲಿ ಒಂದೇ ಅಳತೆಯ ಹನ್ನೆರಡು ಕಲ್ಲು ಸಾಲಾಗಿ ನಿಂತಿವೆ. ಹೆಸರು, ನಂಬರು, ತಾರೀಖು ಬಿಟ್ರೆ ಜಾಸ್ತಿ ಏನೂ ಇಲ್ಲ. ಇವರೆಲ್ಲಾ ಯಾರು ಅಂತ ಮಕ್ಕಳ ಜೊತೆ ಸೇರಿ ಹುಡುಕೋ ಆಸೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಮೊದಲು ಕಲ್ಲನ್ನೇ ಪೂರ್ತಿ ಓದಿ ಮೇಡಂ, ಕಂಪ್ಯೂಟರ್ ಆಮೇಲೆ. ಬಹಳ ಜನ ಫೋಟೋ ತೆಗೆದು ಮನೆಗೆ ಓಡಿ ಬಂದು ಹೆಸರು ಟೈಪ್ ಮಾಡಿ ಹುಡುಕ್ತಾರೆ, ಆಮೇಲೆ ನೋಡಿದ್ರೆ ಫೋಟೋದಲ್ಲಿ 3 ಇದೆಯೋ 8 ಇದೆಯೋ ಗೊತ್ತಾಗಲ್ಲ, ವಾಪಸ್ ಹೋಗ್ಬೇಕು. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳೋ ಹೊತ್ತಲ್ಲಿ ಹೋಗಿ, ಕೆತ್ತಿದ ಅಕ್ಷರದ ಗುಳಿಯಲ್ಲಿ ನೆರಳು ನಿಲ್ಲುತ್ತೆ, ಸವೆದು ಹೋಗಿರೋ ಅಕ್ಷರನೂ ಕಾಣುತ್ತೆ. ಒಂದು ಮಗು ಜೋರಾಗಿ ಒಂದೊಂದೇ ಅಕ್ಷರ ಓದ್ಲಿ, ಇನ್ನೊಂದು ಬರ್ಕೊಳ್ಳಲಿ, ಮೂರನೇದು ತಾಳೆ ನೋಡ್ಲಿ. ಸ್ಪೆಲಿಂಗ್ ತಪ್ಪು ಅನ್ಸಿದ್ರೂ ಸರಿ ಮಾಡೋಕೆ ಹೋಗ್ಬೇಡಿ, ಇರೋದನ್ನ ಇರೋ ಹಾಗೇ ಬರೀರಿ.

ಈ ಕಲ್ಲುಗಳಿಗೆ ಒಂದು ಕ್ರಮ ಇದೆ. ಮೇಲ್ಗಡೆ ರೆಜಿಮೆಂಟಿನ ಬ್ಯಾಡ್ಜ್, ಇಲ್ಲಾಂದ್ರೆ ದೇಶದ ಗುರುತು, ಕೆನಡಾದವರಿಗೆ ಮೇಪಲ್ ಎಲೆ, ನ್ಯೂಜಿಲೆಂಡಿನವರಿಗೆ ಜರೀಗಿಡದ ಎಲೆ. ಅದರ ಕೆಳಗೆ ಸರ್ವಿಸ್ ನಂಬರ್, ರ‍್ಯಾಂಕ್, ಹೆಸರು, ಪಡೆ, ಸತ್ತ ತಾರೀಖು, ಗೊತ್ತಿದ್ರೆ ವಯಸ್ಸು, ನಡುವೆ ಧರ್ಮದ ಗುರುತು, ತೀರಾ ಕೆಳಗೆ ಮನೆಯವರು ಕೊಟ್ಟ ಒಂದು ಸಾಲು. ಎತ್ತರ ಸುಮಾರು 81 ಸೆಂಟಿಮೀಟರ್, ಅಗಲ 38, ಜನರಲ್ ಆಗ್ಲಿ ಕೂಲಿ ಪಡೆಯವನಾಗ್ಲಿ ಅಷ್ಟೇ. ಇದು 1917ರ ಮೇ 21ರಂದು ಹುಟ್ಟಿದ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಮಾಡಿದ ನಿಯಮ. ಫೇಬಿಯನ್ ವೇರ್ ಅನ್ನೋರು ರೆಡ್ ಕ್ರಾಸಿನ ಒಂದು ವಾಹನ ದಳ ನಡೆಸ್ತಾ ಫ್ರಾನ್ಸಲ್ಲಿ ಸಿಕ್ಕ ಸಿಕ್ಕ ಕಡೆ ಇದ್ದ ಗೋರಿಗಳನ್ನ ಬರೆದಿಟ್ಟುಕೊಳ್ಳೋಕೆ ಶುರು ಮಾಡಿದ್ರು, ಅಲ್ಲಿಂದ ಬೆಳೆದಿದ್ದು ಇದು. 1960ರಲ್ಲಿ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಬದಲಾಯ್ತು. ಸುಮಾರು 17 ಲಕ್ಷ ಜನರ ಹೆಸರು ಅವರ ಹತ್ರ ಇದೆ, 150ಕ್ಕೂ ಹೆಚ್ಚು ದೇಶಗಳಲ್ಲಿ, 23,000 ಜಾಗಗಳಲ್ಲಿ. ಎಲ್ಲರಿಗೂ ಒಂದೇ ಥರದ ಕಲ್ಲು, ಹೆಣನ ಊರಿಗೆ ಕಳಿಸಲ್ಲ ಅನ್ನೋ ತೀರ್ಮಾನಕ್ಕೆ ಆಗ ಎಷ್ಟೋ ತಾಯಂದಿರು ವಿರೋಧ ಮಾಡಿದ್ರು, 1920ರ ಮೇ 4ರಂದು ಬ್ರಿಟನ್ನಿನ ಪಾರ್ಲಿಮೆಂಟಲ್ಲೇ ದೊಡ್ಡ ಚರ್ಚೆ ಆಯ್ತು.

ಕಮಿಷನ್ನಿನ ಡೇಟಾಬೇಸ್ ಯಾರು ಬೇಕಾದ್ರೂ ಫ್ರೀಯಾಗಿ ನೋಡಬಹುದು. ಅಲ್ಲಿ ಹೆಸರು ಸಿಕ್ಕ ತಕ್ಷಣ ನಿಲ್ಲಿಸ್ಬೇಡಿ, ಅದೇ ಪೇಜಲ್ಲಿ ಕೆಳಗೆ ಸ್ಕ್ಯಾನ್ ಮಾಡಿದ ಹಳೇ ಕಾಗದಗಳಿರ್ತವೆ: ಗೋರಿ ನೋಂದಣಿ ಪಟ್ಟಿ, ಕಲ್ಲು ಕೆತ್ತೋರಿಗೆ ಕೊಟ್ಟ ಪಟ್ಟಿ, ಬೇರೆ ಕಡೆಯಿಂದ ಹೆಣ ತಂದು ಇಲ್ಲಿ ಹೂಳಿದ್ರೆ ಅದರ ಪಟ್ಟಿ. ನನಗೆ ಬಹಳ ಇಷ್ಟ ಆಗೋದು ಕಲ್ಲು ಕೆತ್ತೋರ ಪಟ್ಟಿ. ಕೊನೇ ಸಾಲನ್ನ ಯಾರು ಬರೆದು ಕೊಟ್ರು, ಅವರ ವಿಳಾಸ ಏನು ಅಂತ ಅದರಲ್ಲಿ ಎಷ್ಟೋ ಸಲ ಇರುತ್ತೆ. ಹೆಂಡತಿಯೋ, ತಾಯಿಯೋ, ಅಕ್ಕನೋ ಅಂತ ಗೊತ್ತಾಯ್ತು ಅಂದ್ರೆ ಬದುಕಿನ ಕಡೆಗೆ ನಿಮಗೆ ಮೊದಲ ಬಾಗಿಲು ತೆಗೀತು ಅಂತ ಅರ್ಥ.

ಇನ್ನೊಂದು ವಿಷಯ, ಇದನ್ನ ಮಕ್ಕಳಿಗೆ ಖಂಡಿತಾ ಹೇಳಿ. ಕೆಲವು ಕಲ್ಲುಗಳಲ್ಲಿ ಕೊನೇ ಸಾಲು ಇರಲ್ಲ, ಅದನ್ನ ನೋಡಿ 'ಪಾಪ, ಇವನಿಗೆ ಯಾರೂ ಇರ್ಲಿಲ್ಲ' ಅಂದುಕೊಳ್ತೀವಿ. ಮೊದಲ ಯುದ್ಧದ ಹೊತ್ತಲ್ಲಿ ಆ ಸಾಲಿಗೆ ಪದಗಳ ನಡುವಿನ ಖಾಲಿ ಜಾಗನೂ ಸೇರಿ 66 ಅಕ್ಷರ ಮಾತ್ರ ಅವಕಾಶ, ಒಂದೊಂದು ಅಕ್ಷರಕ್ಕೂ ಮೂರೂವರೆ ಪೆನ್ನಿ ಕೇಳ್ತಿದ್ರು, ಆಮೇಲೆ ಅದನ್ನ ಇಷ್ಟ ಇದ್ರೆ ಕೊಡಿ ಅಂತ ಮಾಡಿದ್ರು. ನ್ಯೂಜಿಲೆಂಡ್ ಸರ್ಕಾರ ತನ್ನ ಸೈನಿಕರಿಗೆ ಈ ಸಾಲೇ ಬೇಡ ಅಂತು. ಎಷ್ಟೋ ಮನೆಯವರು ವಿಳಾಸ ಬದಲಾಯಿಸಿದ್ರು, ಫಾರಂ ತಲುಪಲೇ ಇಲ್ಲ. ಹಾಗಾಗಿ ಖಾಲಿ ಜಾಗ ನೋಡಿ ಮನೆಯವರು ಮರೆತ್ರು ಅಂತ ಬರೀಬೇಡಿ.

ಪ್ರಶ್ನೆ: ನಾನು ಹುಡುಕ್ತಿರೋ ಸೈನಿಕನ ಹೆಸರಲ್ಲಿ ಡೇಟಾಬೇಸಲ್ಲಿ ಇಪ್ಪತ್ತು ಮೂವತ್ತು ಜನ ಬರ್ತಾರೆ. ಒಂದೇ ರೆಜಿಮೆಂಟಲ್ಲೇ ಇಬ್ಬರಿದ್ದಾರೆ. ನನ್ನವನು ಯಾರು ಅಂತ ಹೇಗೆ ಗಟ್ಟಿ ಮಾಡ್ಕೊಳ್ಳೋದು?

ಉತ್ತರ: ಹೆಸರು ಬಿಟ್ಟು ನಂಬರ್ ಹಿಡ್ಕೊಳ್ಳಿ. ಇದನ್ನ ನಾನು ತಪ್ಪು ಮಾಡಿ ಕಲಿತಿದ್ದು, ಅದಕ್ಕೇ ಒತ್ತಿ ಹೇಳ್ತಿದೀನಿ. ನಾನು ಮೊಟ್ಟಮೊದಲು ಹುಡುಕಿದ ಸೈನಿಕನ ವಿಷಯದಲ್ಲಿ ಹೆಸರು ಕೂಡಿತು, ರೆಜಿಮೆಂಟ್ ಕೂಡಿತು, ವಯಸ್ಸೂ ಒಂದು ವರ್ಷ ಆಚೀಚೆ, ಮೂರು ತಿಂಗಳು ಕೂತು ಅವನ ಶಾಲೆ, ಕೆಲಸ, ತಂಗಿಯರು ಎಲ್ಲಾ ಬರೆದಿಟ್ಟೆ, ಆಮೇಲೆ ಒಂದು ದಿನ ಯಾರಿಗೆ ಯಾವ ಮೆಡಲ್ ಅಂತ ಸೈನ್ಯ ಬರೆದಿಟ್ಟ ಮೆಡಲ್ ಕಾರ್ಡ್ ಸಿಕ್ತು, ಅದರಲ್ಲಿ ನಂಬರ್ ಬೇರೆ. ನಾನು ಬರೆದ ಮನುಷ್ಯ ಯುದ್ಧ ಮುಗಿಸಿ ಮನೆಗೆ ವಾಪಸ್ ಹೋಗಿದ್ದ. ಸಮಾಧಿಯಲ್ಲಿ ಮಲಗಿದವನ ಬಗ್ಗೆ ನನ್ನ ಹತ್ರ ಒಂದು ಸಾಲೂ ಇರ್ಲಿಲ್ಲ. ಆ ಮೂರು ತಿಂಗಳು ಅವನ ಜಾಗದಲ್ಲಿ ಇನ್ನೊಬ್ಬನನ್ನ ಕೂರಿಸಿದ್ದೆ ಅನ್ನೋದು ಈಗಲೂ ಮನಸ್ಸಿಗೆ ಕಷ್ಟ ಆಗುತ್ತೆ.

ಆದ್ರೆ ನಂಬರಿಗೂ ಅದರದೇ ತೊಡಕಿದೆ. ಬ್ರಿಟಿಷ್ ಸೈನ್ಯದಲ್ಲಿ 1920ರ ತನಕ ಒಂದೊಂದು ರೆಜಿಮೆಂಟೂ ತನ್ನದೇ ನಂಬರ್ ಸಾಲು ಇಟ್ಕೊಂಡಿತ್ತು, ಅಂದ್ರೆ ಒಂದೇ ನಂಬರ್ ಹತ್ತು ರೆಜಿಮೆಂಟಲ್ಲಿ ಹತ್ತು ಜನಕ್ಕಿರಬಹುದು. ಒಂದರಿಂದ ಇನ್ನೊಂದಕ್ಕೆ ವರ್ಗ ಆದ್ರೆ ಹೊಸ ನಂಬರ್. ಅದು ಸಾಲದು ಅಂತ 1917ರ ಶುರುವಲ್ಲಿ ಟೆರಿಟೋರಿಯಲ್ ಫೋರ್ಸಿನವರಿಗೆಲ್ಲಾ (ಬಿಡುವಿನ ಹೊತ್ತಲ್ಲಿ ತರಬೇತಿ ಪಡೀತಿದ್ದ ಸ್ವಯಂಸೇವಕರ ಪಡೆ) ಹಳೇ ಚಿಕ್ಕ ನಂಬರ್ ತೆಗೆದು ಹೊಸದಾಗಿ ಕೊಟ್ರು, ಕಾಲಾಳು ಪಡೆಯವರಿಗೆ ಆರು ಅಂಕಿದು. ಹಾಗಾಗಿ ನಂಬರ್ ಮತ್ತು ರೆಜಿಮೆಂಟ್ ಎರಡನ್ನೂ ಜೋಡಿಯಾಗಿ ನೋಡ್ಬೇಕು. ಒಬ್ಬ ಮನುಷ್ಯನ ಬೇರೆ ಬೇರೆ ನಂಬರ್‌ಗಳು ಎಷ್ಟೋ ಸಲ ಒಂದೇ ಕಡೆ ಸಿಗೋದು ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸಲ್ಲಿರೋ ಮೆಡಲ್ ಇಂಡೆಕ್ಸ್ ಕಾರ್ಡಲ್ಲಿ, ಅದನ್ನ ಎಲ್ಲಕ್ಕಿಂತ ಮೊದಲು ತೆಗೀರಿ.

ವಯಸ್ಸನ್ನ ನಂಬಿ ಯಾರನ್ನೂ ಪಟ್ಟಿಯಿಂದ ತೆಗೀಬೇಡಿ. ಹದಿನೇಳು ವರ್ಷದವನು ಹತ್ತೊಂಬತ್ತು ಅಂತ ಹೇಳಿ ಸೇರಿರ್ತಾನೆ, ನಲವತ್ತೈದರವನು ಮೂವತ್ತೆಂಟು ಅಂತ ಹೇಳಿರ್ತಾನೆ. ಹೆಸರನ್ನೇ ಬದಲಾಯಿಸಿ ಸೇರಿದವರೂ ಇದ್ದಾರೆ, ಅಂಥವರ ದಾಖಲೆಯಲ್ಲಿ 'ಇಂಥ ಹೆಸರಲ್ಲಿ ಸೇವೆ ಮಾಡಿದ' ಅಂತ ಪಕ್ಕದಲ್ಲಿ ಬರೆದಿರುತ್ತೆ. ಸ್ಪೆಲಿಂಗ್ ಅಂತೂ ಕೇಳ್ಲೇಬೇಡಿ. ನಮ್ಮ ಹೆಸರನ್ನೇ ನಾವು ಇಂಗ್ಲಿಷಲ್ಲಿ ನಾಲ್ಕು ಥರ ಬರೀತೀವಿ, ಇನ್ನು ಕೇಳಿದ್ದನ್ನ ಕೇಳಿದ ಹಾಗೆ ಗೀಚಿಕೊಂಡ ಗುಮಾಸ್ತ ಏನು ಬರೆದಿರ್ತಾನೆ ಯೋಚನೆ ಮಾಡಿ.

ಪ್ರಶ್ನೆ: ಸರ್ವಿಸ್ ರೆಕಾರ್ಡ್ ಹುಡುಕೋಕೆ ಹೋದ್ರೆ 'ಸುಟ್ಟು ಹೋಗಿದೆ' ಅಂತ ಗೊತ್ತಾಯ್ತು. ಅಲ್ಲಿಗೆ ಕಥೆ ಮುಗೀತಾ?

ಉತ್ತರ: ಇಲ್ಲ, ಖಂಡಿತಾ ಮುಗಿಯಲ್ಲ. 1940ರ ಸೆಪ್ಟೆಂಬರಲ್ಲಿ ಲಂಡನ್ನಿನ ಮೇಲೆ ಬಾಂಬ್ ಬಿದ್ದಾಗ ಆರ್ನ್‌ಸೈಡ್ ಸ್ಟ್ರೀಟಲ್ಲಿದ್ದ ವಾರ್ ಆಫೀಸಿನ (ಸೈನ್ಯ ನೋಡ್ಕೊಳ್ತಿದ್ದ ಸರ್ಕಾರಿ ಇಲಾಖೆ) ಗೋಡೌನ್ ಹತ್ಕೊಂಡು ಉರೀತು, ಮೊದಲ ಯುದ್ಧದ ಸಾಮಾನ್ಯ ಸೈನಿಕರ ಫೈಲುಗಳಲ್ಲಿ ಸುಮಾರು 60 ಪರ್ಸೆಂಟ್ ಹೋಯ್ತು. ಉಳಿದವು ಅಂಚು ಕರಕಲಾಗಿ, ನೀರಲ್ಲಿ ನೆಂದು ಉಳ್ಕೊಂಡವು, ಅವನ್ನ ಇವತ್ತಿಗೂ 'ಸುಟ್ಟ ದಾಖಲೆಗಳು' ಅಂತಾನೇ ಕರೀತಾರೆ. ಅಂಥ ಒಂದು ಪುಟವನ್ನ ಸ್ಕ್ರೀನ್ ಮೇಲೆ ಮೊದಲ ಸಲ ನೋಡಿದಾಗ, ಅರ್ಧ ಹೆಸರು, ಅದರ ಪಕ್ಕ ಕಂದು ಬಣ್ಣದ ಸುಟ್ಟ ಗೆರೆ, ನಾನು ಸುಮಾರು ಹೊತ್ತು ಹಾಗೇ ಕೂತಿದ್ದೆ.

ಫೈಲ್ ಇಲ್ಲಾಂದ್ರೆ ಹಣದ ದಾಖಲೆ ಹಿಡೀರಿ, ಯಾಕಂದ್ರೆ ದುಡ್ಡಿನ ಲೆಕ್ಕವನ್ನ ಯಾವ ಸರ್ಕಾರನೂ ಎರಡು ಮೂರು ಕಡೆ ಬರೆದಿಡುತ್ತೆ. ಸತ್ತ ಸೈನಿಕನಿಗೆ ಬರಬೇಕಿದ್ದ ಬಾಕಿ ಸಂಬಳ ಯಾರಿಗೆ ಹೋಯ್ತು ಅಂತ ಬರೆದಿಟ್ಟ 'ಸೋಲ್ಜರ್ಸ್ ಎಫೆಕ್ಟ್ಸ್' ರಿಜಿಸ್ಟರ್‌ಗಳು ಉಳಿದಿವೆ, ಮೂಲ ಪ್ರತಿ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ಹತ್ರ. ಅದರಲ್ಲಿ ವಾರ್ ಗ್ರ್ಯಾಚುಟಿ, ಅಂದ್ರೆ ಯುದ್ಧದ ಸೇವೆಗೆ ಕೊಟ್ಟ ಇನಾಮು ಹಣ, ಅಂತ ಒಂದು ಮೊತ್ತ ಇರುತ್ತೆ, ಅದನ್ನ ಲೆಕ್ಕ ಹಾಕ್ತಿದ್ದಿದ್ದು ಎಷ್ಟು ತಿಂಗಳು ಸೇವೆ ಮಾಡಿದ ಅನ್ನೋದರ ಮೇಲೆ, ಅಂದ್ರೆ ಆ ಮೊತ್ತದಿಂದ ಹಿಂದಕ್ಕೆ ಎಣಿಸಿದ್ರೆ ಅವನು ಯಾವಾಗ ಸೇರಿದ ಅಂತ ಅಂದಾಜು ಸಿಗುತ್ತೆ. ಸುಟ್ಟು ಹೋದ ಫೈಲಿನ ಮೊದಲ ಪುಟ ಒಂದು ಹಣದ ಅಂಕಿಯಿಂದ ವಾಪಸ್ ಬರುತ್ತಲ್ಲ, ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡೋ ಗಳಿಗೆ ಅದು. ಪೆನ್ಷನ್ ಕಾರ್ಡ್‌ಗಳೂ ಇವೆ, 60 ಲಕ್ಷಕ್ಕೂ ಹೆಚ್ಚು, ಅದರಲ್ಲಿ ವಿಧವೆಯ ಹೆಸರು, ಮಕ್ಕಳು ಹುಟ್ಟಿದ ತಾರೀಖು ಎಲ್ಲಾ ಸಿಗುತ್ತೆ.

ಇದು ಬಿಟ್ರೆ 1921ರಲ್ಲಿ 80 ಸಂಪುಟಗಳಲ್ಲಿ ಪ್ರಿಂಟ್ ಆದ ಸತ್ತ ಸೈನಿಕರ ಪಟ್ಟಿ, ಅದರಲ್ಲಿ ಹುಟ್ಟಿದ ಊರು ಮತ್ತೆ ಸೈನ್ಯಕ್ಕೆ ಸೇರಿದ ಊರು ಇರುತ್ತೆ. ಬ್ರಿಟನ್ನಿನ 1911ರ ಜನಗಣತಿಯಲ್ಲಿ ಅವನು ಮನೇಲಿ ಕೂತಿರ್ತಾನೆ, ಪಕ್ಕದಲ್ಲಿ ಅಪ್ಪನ ಕೆಲಸ, ಎಷ್ಟು ರೂಮಿನ ಮನೆ ಅನ್ನೋದೂ ಇರುತ್ತೆ. ಆ ಕಾಲದ ಊರಿನ ಪೇಪರು, ಶಾಲೆಯ ಮತ್ತೆ ಚರ್ಚಿನ ಸ್ಮಾರಕ ಫಲಕ, ಫ್ಯಾಕ್ಟರಿಯ ಫಲಕ, ಯಾವುದನ್ನೂ ಬಿಡ್ಬೇಡಿ.

ಬೇರೆ ದೇಶದವನಾಗಿದ್ರೆ ದಾರಿ ಬೇರೆ. ಆಸ್ಟ್ರೇಲಿಯಾ ಮತ್ತೆ ಕೆನಡಾದವರು ಮೊದಲ ಯುದ್ಧದ ಫೈಲುಗಳನ್ನ ಪೂರ್ತಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಅವನ ಎತ್ತರ, ಕಣ್ಣಿನ ಬಣ್ಣ, ಎಡ ತೋಳಿನ ಮೇಲಿನ ಮಚ್ಚೆ ತನಕ ಸಿಗುತ್ತೆ. ಅಮೆರಿಕದಲ್ಲಿ 1973ರ ಜುಲೈ 12ರಂದು ಸೇಂಟ್ ಲೂಯಿಸಲ್ಲಿ ಬೆಂಕಿ ಬಿದ್ದು 1 ಕೋಟಿ 60 ಲಕ್ಷಕ್ಕೂ ಹೆಚ್ಚು ಫೈಲು ಹೋದವು. ಜರ್ಮನಿಯದು 1945ರ ಏಪ್ರಿಲಲ್ಲಿ ಪಾಟ್ಸ್‌ಡ್ಯಾಮ್ ಮೇಲೆ ಬಾಂಬ್ ಬಿದ್ದಾಗ ಪ್ರಷ್ಯನ್ ಸೈನ್ಯದ ದಾಖಲೆ ಬಹುಪಾಲು ಹೋಯ್ತು, ಆದ್ರೆ ಬವೇರಿಯಾದವರದು ಮ್ಯೂನಿಕಲ್ಲಿ ಉಳಿದಿದೆ. ಯುದ್ಧ ಕೈದಿ ಆಗಿದ್ದವರಾದ್ರೆ ಜಿನೀವಾದ ರೆಡ್ ಕ್ರಾಸಿನ ಕಾರ್ಡ್‌ಗಳನ್ನ ನೋಡಿ, ಅವೂ ಸ್ಕ್ಯಾನ್ ಆಗಿವೆ.

ಪ್ರಶ್ನೆ: ಸತ್ತ ದಿನ ಏನಾಯ್ತು ಅಂತ ತಿಳ್ಕೊಳ್ಳೋಕೆ ವಾರ್ ಡೈರಿ ತರಿಸಿ ಓದಿದೆ. ಆ ತಾರೀಖಲ್ಲಿ ಯುದ್ಧನೇ ನಡೆದಿಲ್ಲ! ಅವನ ಹೆಸರೂ ಇಲ್ಲ.

ಉತ್ತರ: ವಾರ್ ಡೈರಿ ಅಂದ್ರೆ ಬೆಟಾಲಿಯನ್ನಿನ ದಿನಚರಿ, ಒಬ್ಬ ಆಫೀಸರ್ ಬರೀತಿದ್ದಿದ್ದು, ಅದರಲ್ಲಿ ಆಫೀಸರ್‌ಗಳಿಗೆ ಹೆಸರಿರುತ್ತೆ, ಉಳಿದವರಿಗೆ ಬರೀ ಸಂಖ್ಯೆ, 'ಮೂವರು ಸತ್ತರು, ಏಳು ಜನಕ್ಕೆ ಗಾಯ' ಅಂತ. ಆ ಮೂವರಲ್ಲಿ ಒಬ್ಬ ನಿಮ್ಮವನು ಅಂತ ನೀವೇ ಜೋಡಿಸ್ಬೇಕು. ಅದೇ ಬೆಟಾಲಿಯನ್, ಅದೇ ತಾರೀಖು ಹಾಕಿ ಕಮಿಷನ್ನಿನ ಡೇಟಾಬೇಸಲ್ಲಿ ಹುಡುಕಿ, ಇನ್ನಿಬ್ಬರು ಯಾರು ಅಂತ ಸಿಗುತ್ತೆ, ಅವರ ಮನೆಯವರು ಆಗಿನ ಪೇಪರಿಗೆ ಕೊಟ್ಟ ಪತ್ರದಲ್ಲಿ ನಿಮ್ಮವನ ಸಾವಿನ ವಿವರ ಇದ್ದರೂ ಇರಬಹುದು.

ಯುದ್ಧ ನಡೆಯದ ದಿನ ಸತ್ತ ಅಂದ್ರೆ ದಾಖಲೆಯಲ್ಲಿ ಏನು ಬರೆದಿದೆ ನೋಡಿ: ಹೋರಾಟದಲ್ಲಿ ಸತ್ತನಾ, ಗಾಯದಿಂದ ಸತ್ತನಾ, ಅಥವಾ ಬರೀ ಸತ್ತ ಅಂತಿದೆಯಾ. ಗಾಯದಿಂದ ಅಂತಿದ್ರೆ ಒಂದು ದಿನದಿಂದ ಹಿಡಿದು ಹಲವು ವಾರ ಹಿಂದಿನ ತನಕ ಪುಟ ತಿರುಗಿಸಿ, ಯಾಕಂದ್ರೆ ಗಾಯ ಆದವನನ್ನ ಮೊದಲು ರೆಜಿಮೆಂಟಿನ ಏಡ್ ಪೋಸ್ಟ್, ಅಲ್ಲಿಂದ ಡ್ರೆಸ್ಸಿಂಗ್ ಸ್ಟೇಷನ್, ಅಲ್ಲಿಂದ ಕ್ಯಾಶುವಲ್ಟಿ ಕ್ಲಿಯರಿಂಗ್ ಸ್ಟೇಷನ್, ಆಮೇಲೆ ರೈಲಲ್ಲೋ ಹಡಗಲ್ಲೋ ದೂರದ ಆಸ್ಪತ್ರೆ, ಹೀಗೆ ಸಾಗಿಸ್ತಿದ್ರು. ಸಮಾಧಿ ಎಲ್ಲಿದೆ ಅನ್ನೋದೇ ಅವನು ಈ ದಾರಿಯಲ್ಲಿ ಎಲ್ಲಿ ತನಕ ಬಂದಿದ್ದ ಅಂತ ಹೇಳುತ್ತೆ. ವಾಯುಪಡೆಯವರಾದ್ರೆ ಸ್ಕ್ವಾಡ್ರನ್ನಿನ ಆಪರೇಷನ್ಸ್ ರೆಕಾರ್ಡ್ ಬುಕ್ ನೋಡಿ, ಅದರಲ್ಲಿ ಒಂದೊಂದು ವಿಮಾನದಲ್ಲಿ ಯಾರ‍್ಯಾರಿದ್ರು ಅಂತ ಹೆಸರು ಸಮೇತ ಸಿಗುತ್ತೆ. ಸಿಮೆಟ್ರಿಯಲ್ಲಿ ಒಂದೇ ತಾರೀಖಿನ ನಾಲ್ಕೈದು ಕಲ್ಲು ಒಂದಕ್ಕೊಂದು ತಾಗಿಕೊಂಡು ನಿಂತಿದ್ರೆ, ಅವರ ದೇಹಗಳನ್ನ ಬೇರೆ ಬೇರೆ ಮಾಡಿ ಗುರುತಿಸೋಕೆ ಆಗ್ಲಿಲ್ಲ, ಒಟ್ಟಿಗೇ ಹೂತರು ಅಂತ ಎಷ್ಟೋ ಸಲ ಅರ್ಥ. ಅಲ್ಲಿ ಸ್ವಲ್ಪ ಹೊತ್ತು ನಿಂತುಕೊಳ್ಳಿ.

ಮತ್ತೆ ದಯವಿಟ್ಟು, ಡೈರಿಯಲ್ಲಿ 'ಇಡೀ ದಿನ ಮಳೆ' ಅಂತಿದ್ರೆ ಮಳೆ ಅಂತ ಬರೀರಿ, 'ಆ ಮಳೆಯಲ್ಲಿ ಅವನು ತನ್ನ ತಾಯಿನ ನೆನೆಸ್ಕೊಂಡಿರ್ತಾನೆ' ಅಂತ ಬರೀಬೇಡಿ. ನೆನೆಸ್ಕೊಂಡಿದ್ದನೋ ಇಲ್ವೋ ನಮಗೆ ಗೊತ್ತಿಲ್ಲ.

ಪ್ರಶ್ನೆ: ತುಂಬಾ ಆಸೆಯಿಂದ ಹುಡುಕಿದೆ. ಕೊನೆಗೆ ನೋಡಿದ್ರೆ ಅವನು ಯುದ್ಧಭೂಮಿಗೇ ಹೋಗಿಲ್ಲ, 1918ರ ನವೆಂಬರಲ್ಲಿ ಆಸ್ಪತ್ರೇಲಿ ನ್ಯುಮೋನಿಯಾ ಬಂದು ಸತ್ತಿದ್ದಾನೆ. ಸ್ವಲ್ಪ ನಿರಾಸೆ ಆಯ್ತು. ಇವನ ಬಗ್ಗೆ ಏನು ಬರೀಲಿ?

ಉತ್ತರ: ನಿಮ್ಮ ಪತ್ರ ಓದಿ ನನಗೆ ಬೇಜಾರಾಗ್ಲಿಲ್ಲ, ಯಾಕಂದ್ರೆ ಇದನ್ನ ಬಾಯಿಬಿಟ್ಟು ಹೇಳೋರು ಕಮ್ಮಿ, ಅನ್ಸೋರು ಜಾಸ್ತಿ. ಆದ್ರೆ ಒಂದು ಸಲ ಯೋಚನೆ ಮಾಡಿ, ಯುದ್ಧಭೂಮಿಯಲ್ಲಿ ಸತ್ತವರು ಯುದ್ಧಭೂಮಿ ಹತ್ರಾನೇ ಇದ್ದಾರೆ. ಯುದ್ಧ ನಡೆಯದ ಊರಿನ ಸಿಮೆಟ್ರಿಯಲ್ಲಿ ಇರೋರು ಯಾರು? ಟ್ರೇನಿಂಗ್ ಕ್ಯಾಂಪಲ್ಲಿ ಜ್ವರ ಬಂದವರು, ಗ್ರೆನೇಡ್ ಎಸೆಯೋದು ಕಲಿಯುವಾಗ ಸತ್ತವರು, ವಿಮಾನ ಹಾರಿಸೋದು ಕಲಿಯುವಾಗ ಬಿದ್ದವರು, ಹಡಗಿಂದ ಸ್ಟ್ರೆಚರ್ ಮೇಲೆ ಇಳಿಸಿದವರು, ಅವರನ್ನ ನೋಡ್ಕೊಂಡು ಅದೇ ರೋಗ ಹತ್ತಿಸ್ಕೊಂಡ ನರ್ಸ್‌ಗಳು. ಇಂಥ ಸಿಮೆಟ್ರಿಗಳ ಕಥೆನೇ ಇದು.

1918ರ ಕೊನೆಯ ತಿಂಗಳುಗಳಲ್ಲಿ ಬಂದ ಇನ್‌ಫ್ಲುಯೆಂಜಾ ಮಕ್ಕಳು ಮುದುಕರನ್ನ ಅಷ್ಟೇ ಅಲ್ಲ, ಇಪ್ಪತ್ತರಿಂದ ನಲವತ್ತರ ಒಳಗಿನ ಗಟ್ಟಿಮುಟ್ಟಾದವರನ್ನೇ ಹೆಚ್ಚಾಗಿ ಹಿಡೀತು, ಮಿಲಿಟರಿ ಕ್ಯಾಂಪು, ಸೈನಿಕರನ್ನ ತುಂಬಿದ ಹಡಗು ಅಂದ್ರೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಡೆತ್ ಸರ್ಟಿಫಿಕೇಟಲ್ಲಿ ಎಷ್ಟೋ ಕಡೆ ಮೊದಲು ಇನ್‌ಫ್ಲುಯೆಂಜಾ ಆಮೇಲೆ ನ್ಯುಮೋನಿಯಾ ಅಂತ ಎರಡೂ ಇರುತ್ತೆ, ಎಷ್ಟು ದಿನ ಮಲಗಿದ್ದ ಅನ್ನೋದೂ ಇರುತ್ತೆ, ಪಕ್ಕದಲ್ಲಿ ಯಾರಿದ್ರು ಅನ್ನೋದೂ ಇರಬಹುದು. ನವೆಂಬರ್ 11ಕ್ಕೆ ಯುದ್ಧ ನಿಂತಿತು, ಹೊರಗಡೆ ಗಂಟೆ ಬಾರಿಸ್ತಿದ್ರು. ನಿಮ್ಮವನು ಸತ್ತ ತಾರೀಖು ಅದಕ್ಕಿಂತ ಮುಂಚೆನೋ ಆಮೇಲೋ ನೋಡಿ, ಆಮೇಲೆ ಆದ್ರೆ ಅವನ ಮನೆಯವರಿಗೆ 'ಇನ್ನು ಬರ್ತಾನೆ' ಅನ್ನೋ ಧೈರ್ಯ ಬಂದ ಮೇಲೆ ಟೆಲಿಗ್ರಾಂ ಬಂದಿರುತ್ತೆ. ಇದರಲ್ಲಿ ಬರೆಯೋಕೆ ಏನಿದೆ ಅಂತ ಕೇಳಿದ್ರಲ್ಲ, ಬರೀರಿ, ಯಾರಿಗೂ ಕಮ್ಮಿ ಇಲ್ಲದ ಹಾಗೆ ಬರೀರಿ. ಕಮಿಷನ್ನೂ ಭೇದ ಮಾಡಿಲ್ಲ, ಮೊದಲ ಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ತನಕ, ಎರಡನೇದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ತನಕ ಸೇವೆಯಲ್ಲಿದ್ದು ಸತ್ತವರು ಹೇಗೆ ಸತ್ತರೂ ಪಟ್ಟಿಯಲ್ಲಿದ್ದಾರೆ.

ಪ್ರಶ್ನೆ: ಅದೇ ಸಿಮೆಟ್ರಿಯಲ್ಲಿ ಮನೆಯವರೇ ಹಾಕಿಸಿದ ಒಂದು ಕಲ್ಲಿದೆ, ಅದರಲ್ಲಿ 'ಯುದ್ಧದ ಗಾಯದಿಂದ 1920ರಲ್ಲಿ ತೀರಿಕೊಂಡ' ಅಂತಿದೆ. ಆದ್ರೆ ಅವನ ಹೆಸರು ಕಮಿಷನ್ ಪಟ್ಟಿಯಲ್ಲಿಲ್ಲ. ಯಾಕೆ?

ಉತ್ತರ: ಸೈನ್ಯದಿಂದ ಬಿಡುಗಡೆ ಆಗಿ ಮನೆಗೆ ಬಂದು ಸತ್ತವರು ಬಹಳ ಸಲ ಹೀಗೆ ತಪ್ಪಿ ಹೋಗಿದ್ದಾರೆ, ಯಾಕಂದ್ರೆ ಸೈನ್ಯಕ್ಕೆ ಅವರು ಸತ್ತಿದ್ದೇ ಗೊತ್ತಾಗ್ಲಿಲ್ಲ. ತಾರೀಖು ಮೇಲೆ ಹೇಳಿದ ಗಡುವಿನ ಒಳಗಿದ್ದು, ಸಾವಿಗೆ ಕಾರಣ ಸೇವೆಯಲ್ಲಿ ಆದ ಗಾಯ ಅಥವಾ ರೋಗನೇ ಅಂತ ತೋರಿಸೋಕೆ ಆದ್ರೆ ಕಮಿಷನ್ನಿಗೆ ಕೇಸ್ ಕಳಿಸಬಹುದು. ಬೇಕಾಗೋದು ಡೆತ್ ಸರ್ಟಿಫಿಕೇಟು, ಸೈನ್ಯದಲ್ಲಿದ್ದ ಅನ್ನೋದಕ್ಕೆ ದಾಖಲೆ, ಯಾವ ಕಾರಣಕ್ಕೆ ಬಿಡುಗಡೆ ಮಾಡಿದ್ರು ಅನ್ನೋದು, ಸಾವಿನ ಕಾರಣ, ಬಿಡುಗಡೆಯ ಕಾರಣ ಎರಡೂ ಒಂದಕ್ಕೊಂದು ಕೂಡ್ಬೇಕು. ಇದೇ ಕೆಲಸವನ್ನ 'ಇನ್ ಫ್ರಂ ದ ಕೋಲ್ಡ್' ಅನ್ನೋ ಹೆಸರಲ್ಲಿ ಸ್ವಯಂಸೇವಕರು ಮಾಡ್ಕೊಂಡು ಬಂದಿದ್ದಾರೆ, ಸಾವಿರಾರು ಹೆಸರು ಪಟ್ಟಿಗೆ ಸೇರಿವೆ. ಟೈಮ್ ಹಿಡಿಯುತ್ತೆ, ಆದ್ರೂ ಕಳಿಸಿ. ನೂರು ವರ್ಷ ಕಾದಿದ್ದಾನೆ ಆ ಮನುಷ್ಯ.

ಪ್ರಶ್ನೆ: ಇಂಡಿಯನ್ ಸೈನಿಕರ ಬಗ್ಗೆ ಹುಡುಕೋಕೆ ಹೋದ್ರೆ ಒಂದೇ ಒಂದು ಸಾಲು ಸಿಗುತ್ತೆ. ಕೆಲವರಿಗೆ ಸಮಾಧಿನೇ ಇಲ್ಲ. ಇವರ ಬದುಕು ಹುಡುಕೋಕೆ ಆಗುತ್ತಾ?

ಉತ್ತರ: ಸಮಾಧಿ ಇಲ್ಲ ಅನ್ನೋದಕ್ಕೆ ಒಂದು ಕಾರಣ ನೇರವಾಗಿದೆ, ಹಿಂದೂ ಮತ್ತೆ ಸಿಖ್ ಸೈನಿಕರನ್ನ ದಹನ ಮಾಡ್ತಿದ್ರು, ಹಾಗಾಗಿ ಅವರ ಹೆಸರು ಸ್ಮಾರಕಗಳಲ್ಲಿದೆ. ಫ್ರಾನ್ಸಿನ ನೆವ್ ಶಾಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಹೆಸರಿದೆ. ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಜನರನ್ನ ಊರಾಚೆ ಗುಡ್ಡದ ಮೇಲೆ ದಹನ ಮಾಡಿದ್ರು, ಆ ಜಾಗದಲ್ಲಿ 1921ರಲ್ಲಿ ಛತ್ರಿ ಸ್ಮಾರಕ ಎದ್ದಿತು.

ಆದ್ರೆ ಇನ್ನೊಂದು ಕಾರಣ ಇದೆ, ಅದನ್ನ ಮುಚ್ಚಿಡೋ ಹಾಗಿಲ್ಲ. ಎಲ್ಲರೂ ಸಮಾನ ಅನ್ನೋ ನಿಯಮವನ್ನ ಎಲ್ಲಾ ಕಡೆ ಪಾಲಿಸಿಲ್ಲ. 2021ರ ಏಪ್ರಿಲಲ್ಲಿ ಕಮಿಷನ್ ನೇಮಿಸಿದ ಸಮಿತಿನೇ ಇದನ್ನ ಒಪ್ಪಿಕೊಂಡು ವರದಿ ಕೊಡ್ತು: 45,000ದಿಂದ 54,000 ಜನರನ್ನ ಬೇರೆಯವರಿಗೆ ಸಮನಾಗಿ ಸ್ಮರಿಸಿಲ್ಲ, ಇದರಲ್ಲಿ ಆಫ್ರಿಕಾದವರು, ಇಂಡಿಯನ್ನರೇ ಹೆಚ್ಚು, ಇನ್ನು ಕಡೇಪಕ್ಷ 1,16,000 ಜನ, ಬಹುಶಃ 3,50,000 ತನಕ, ಹೆಸರಿಂದ ಸ್ಮರಣೆಗೆ ಬಂದೇ ಇಲ್ಲ ಅಥವಾ ಸ್ಮರಣೆಯೇ ಆಗಿಲ್ಲ. ಕಮಿಷನ್ ಕ್ಷಮೆ ಕೇಳಿತು, ಈಗ ಹೆಸರು ಹುಡುಕಿ ಸೇರಿಸೋ ಕೆಲಸ ನಡೀತಿದೆ. ಹಾಗಾಗಿ ನಿಮಗೆ ಸಿಕ್ಕಿರೋ ಆ ಒಂದು ಸಾಲನ್ನ ಕಮ್ಮಿ ಅನ್ಕೋಬೇಡಿ.

ಆ ಸಾಲಲ್ಲೇ ಬಹಳ ಇದೆ. ಬ್ರಿಟಿಷ್ ಸೈನಿಕನಿಗೆ ಎಷ್ಟೋ ಸಲ ಅಪ್ಪನ ಹೆಸರಿರಲ್ಲ, ಇಂಡಿಯನ್ ಸೈನಿಕನಿಗೆ ಎಷ್ಟೋ ಕಡೆ 'ಇಂಥವನ ಮಗ, ಇಂಥ ಹಳ್ಳಿ, ಇಂಥ ತಾಲೂಕು, ಇಂಥ ಜಿಲ್ಲೆ' ಅಂತ ಇರುತ್ತೆ. ಜಿಲ್ಲೆಗಳ ಹೆಸರು, ಗಡಿ ಬದಲಾಗಿದೆ, ಹಾಗಾಗಿ ಆ ಕಾಲದ ಗೆಜೆಟಿಯರ್ ಇಟ್ಕೊಂಡು ಹಳ್ಳಿನ ಗುರುತಿಸಿ. ಪಂಜಾಬಿನವರಾದ್ರೆ ಲಾಹೋರ್ ಮ್ಯೂಸಿಯಮ್ಮಲ್ಲಿ ಸುಮಾರು ನೂರು ವರ್ಷ ಸುಮ್ಮನೆ ಕೂತಿದ್ದ ರಿಜಿಸ್ಟರ್‌ಗಳು 2021ರಲ್ಲಿ ಹೊರಗೆ ಬಂದವು, ಸುಮಾರು 3,20,000 ಸೈನಿಕರದು, ಹಳ್ಳಿ ಹಳ್ಳಿ ಲೆಕ್ಕದಲ್ಲಿ. ಇಂಡಿಯನ್ ಪಡೆಗಳ ವಾರ್ ಡೈರಿಗಳೂ ಲಂಡನ್ನಲ್ಲಿವೆ. ಸೈನಿಕರು ಮನೆಗೆ ಬರೆದ ಪತ್ರಗಳನ್ನ ಸೆನ್ಸಾರ್ ಮಾಡ್ತಾ ಅದರ ತುಣುಕುಗಳನ್ನ ಇಂಗ್ಲಿಷಿಗೆ ಅನುವಾದ ಮಾಡಿ ವರದಿ ಬರೀತಿದ್ರು, ಆ ವರದಿಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಪತ್ರದ ಮೇಲೆ ಕಣ್ಣಿಡೋಕೆ ಮಾಡಿದ ವ್ಯವಸ್ಥೆಯಿಂದಾನೇ ಅವರ ಮಾತು ಉಳೀತು.

ಮಾತು ಅಂದ ಮೇಲೆ ಇದನ್ನ ಹೇಳದೆ ಹೋದ್ರೆ ಆಗಲ್ಲ. ಬರ್ಲಿನ್ ಹತ್ರ ವ್ಯೂನ್ಸ್‌ಡಾರ್ಫ್ ಅನ್ನೋ ಕಡೆ ಇಂಡಿಯನ್ ಸೈನಿಕರ ಕೈದಿ ಕ್ಯಾಂಪ್ ಇತ್ತು, ಅಲ್ಲಿ ಸತ್ತವರ ಹೆಸರು ಪಕ್ಕದ ಜೆಹ್ರೆನ್ಸ್‌ಡಾರ್ಫ್ ಸಿಮೆಟ್ರಿಯಲ್ಲಿದೆ. ಜರ್ಮನ್ ಭಾಷಾ ತಜ್ಞರು ಆ ಕೈದಿಗಳನ್ನ ಒಬ್ಬೊಬ್ಬರಾಗಿ ಕೂರಿಸಿ ಅವರ ಭಾಷೆಯಲ್ಲೇ ಕಥೆ, ಹಾಡು, ಮನೆ ನೆನಪು ಹೇಳಿಸಿ ರೆಕಾರ್ಡ್ ಮಾಡಿದ್ರು. ಆ ಗ್ರಾಮಫೋನ್ ತಟ್ಟೆಗಳು ಇವತ್ತಿಗೂ ಬರ್ಲಿನ್ನಿನ ಹಂಬೋಲ್ಟ್ ಯೂನಿವರ್ಸಿಟಿಯ ಧ್ವನಿ ಸಂಗ್ರಹದಲ್ಲಿವೆ. ನೂರು ವರ್ಷದ ಹಿಂದೆ ಮನೆಗೆ ಹೋಗ್ಬೇಕು ಅಂತ ಬೇಡಿಕೊಂಡ ಒಬ್ಬ ಸಿಪಾಯಿಯ ದನಿ ಅದರಲ್ಲಿದೆ.

ಪ್ರಶ್ನೆ: ನನಗೆ ಒಬ್ಬ ಸೈನಿಕನ ಮೊಮ್ಮಕ್ಕಳು ಸಿಕ್ಕಿದ್ದಾರೆ. ಆದ್ರೆ ದಾಖಲೆಯಲ್ಲಿ ಅವನನ್ನ ಸೈನ್ಯದವರೇ ಗುಂಡಿಟ್ಟು ಕೊಂದಿದ್ದು ಅಂತಿದೆ. ಮನೆಯವರಿಗೆ ಗೊತ್ತಿದ್ದ ಹಾಗಿಲ್ಲ. ಹೇಳ್ಬೇಕಾ?

ಉತ್ತರ: ಮೊದಲ ಪತ್ರದಲ್ಲಿ ಹೇಳ್ಬೇಡಿ. ನೀವು ಯಾರು, ಏನು ಹುಡುಕ್ತಿದೀರಿ ಅಂತ ಬರೀರಿ, ಕಷ್ಟ ಅನ್ಸೋ ವಿಷಯಗಳೂ ದಾಖಲೆಯಲ್ಲಿರ್ತವೆ, ನಿಮಗೆ ಎಷ್ಟು ತಿಳಿಬೇಕು ನೀವೇ ಹೇಳಿ ಅಂತ ಕೇಳಿ. ಉತ್ತರ ಬರ್ಲಿಲ್ಲ ಅಂದ್ರೆ ಅದೂ ಉತ್ತರನೇ. ಅವರಿಗೆ ಗೊತ್ತಾಗೋ ಮೊದಲು ಎಲ್ಲೂ ಪ್ರಿಂಟ್ ಮಾಡ್ಬೇಡಿ.

ಕೇಳಿದ್ರು ಅಂದ್ರೆ ಪೂರ್ತಿ ಹೇಳಿ, ಮತ್ತೆ ಇದನ್ನೂ ಸೇರಿಸಿ: ಮೊದಲ ಯುದ್ಧದಲ್ಲಿ ಓಡಿಹೋದ, ಹೆದರಿದ ಅಂತೆಲ್ಲಾ ಆರೋಪದ ಮೇಲೆ ಗುಂಡಿಗೆ ಬಲಿಯಾದ 306 ಜನರಿಗೆ ಬ್ರಿಟನ್ 2006ರ ಕಾನೂನಲ್ಲಿ ಕ್ಷಮೆ ಕೊಟ್ಟಿದೆ. ಅವರ ಕಲ್ಲಿಗೂ ಉಳಿದವರ ಕಲ್ಲಿಗೂ ಯಾವ ವ್ಯತ್ಯಾಸನೂ ಇಲ್ಲ. ಫ್ರಾನ್ಸಿನ ಬಾಯೋಲ್‌ಮಾನ್ ಅನ್ನೋ ಹಳ್ಳಿಯಲ್ಲಿ ಆಲ್ಬರ್ಟ್ ಇಂಗ್‌ಹ್ಯಾಂ ಅನ್ನೋ ಸೈನಿಕನ ಕಲ್ಲಿದೆ, 1916ರ ಡಿಸೆಂಬರ್ 1ರಂದು ಕೊಂದಿದ್ದು. ಮಗ ಹೇಗೆ ಸತ್ತ ಅಂತ ಅಪ್ಪನಿಗೆ ತಿಳಿದಿದ್ದು ಯುದ್ಧ ಮುಗಿದ ಮೇಲೆ. ಮುಚ್ಚಿಡಬಹುದಿತ್ತು, ಆ ಅಪ್ಪ ಮುಚ್ಚಿಡ್ಲಿಲ್ಲ, ಕಲ್ಲಿನ ಕೊನೇ ಸಾಲಿಗೆ ಹೀಗೆ ಬರೆಸಿದ: ಬೆಳಗಿನ ಜಾವ ಗುಂಡಿಟ್ಟು ಕೊಂದರು, ಮೊದಮೊದಲು ಸೇರಿದವರಲ್ಲಿ ಒಬ್ಬ, ತನ್ನ ಅಪ್ಪನಿಗೆ ತಕ್ಕ ಮಗ.

ಪ್ರಶ್ನೆ: ಅಕ್ಷರ ಕಾಣಲ್ಲ ಅಂತ ಕಲ್ಲನ್ನ ಉಜ್ಜಿ ತೊಳೆಯಬಹುದಾ? ಚಾಕ್ ಹಚ್ಚಿದ್ರೆ ಚೆನ್ನಾಗಿ ಕಾಣುತ್ತಂತೆ?

ಉತ್ತರ: ಬೇಡ. ಚಾಕು, ತಂತಿ ಬ್ರಷ್ಷು, ಬ್ಲೀಚು, ಚಾಕ್, ಹಿಟ್ಟು ಯಾವುದೂ ಬೇಡ, ಕಲ್ಲಿನ ಮೇಲ್ಮೈ ಎದ್ದು ಬರುತ್ತೆ, ಅಕ್ಷರ ಇನ್ನೂ ಬೇಗ ಹೋಗುತ್ತೆ. ಒಂದು ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಬೀಳೋ ಹಾಗೆ ಮಾಡಿ, ಅಥವಾ ಸಂಜೆ ಕತ್ತಲಾಗೋ ಹೊತ್ತಲ್ಲಿ ಟಾರ್ಚನ್ನ ಕಲ್ಲಿಗೆ ತಾಗಿಸಿದ ಹಾಗೆ ಓರೆಯಾಗಿ ಹಿಡೀರಿ. ಕಮಿಷನ್ನಿನ ಕಲ್ಲು ಹಾಳಾಗಿದ್ರೆ ಅವರಿಗೇ ಬರೀರಿ, ಮನೆಯವರು ಹಾಕಿಸಿದ ಕಲ್ಲಾದ್ರೆ ಸಿಮೆಟ್ರಿ ನೋಡ್ಕೊಳ್ಳೋರನ್ನ ಕೇಳದೆ ಮುಟ್ಟಬೇಡಿ.

ಪ್ರಶ್ನೆ: ಹನ್ನೊಂದು ಜನರ ಬಗ್ಗೆ ಅರ್ಧ ಪುಟವಾದ್ರೂ ಬರೆದಿದೀವಿ. ಹನ್ನೆರಡನೆಯವನ ಬಗ್ಗೆ ಎರಡು ವರ್ಷ ಹುಡುಕಿದ್ರೂ ಏನೂ ಸಿಕ್ಕಿಲ್ಲ. ಮಕ್ಕಳು ಸಮಾಧಿ ಮುಂದೆ ನಿಂತು ಒಬ್ಬೊಬ್ಬರದು ಓದೋ ಕಾರ್ಯಕ್ರಮ ಇದೆ, ಇವನನ್ನ ಬಿಡೋದಾ?

ಉತ್ತರ: ಬಿಡ್ಬೇಡಿ. ಬೇರೆಯವನ ಕಥೆ ತಂದು ಅಂಟಿಸ್ಲೂಬೇಡಿ. ಸಿಕ್ಕಿರೋದನ್ನ ಓದಿಸಿ: ನಂಬರ್, ರ‍್ಯಾಂಕ್, ಹೆಸರು, ಪಡೆ, ತಾರೀಖು. ಆಮೇಲೆ 'ಇವರ ಫೈಲ್ 1940ರ ಬೆಂಕೀಲಿ ಹೋಗಿರಬಹುದು, ಜನಗಣತಿ, ಪೆನ್ಷನ್ ಕಾರ್ಡ್, ಪೇಪರ್ ಎಲ್ಲಾ ಹುಡುಕಿದ್ವಿ, ಎರಡು ವರ್ಷ ಹುಡುಕಿದ್ವಿ' ಅಂತ ಆ ಮಗು ಹೇಳ್ಲಿ. ಎಲ್ಲೆಲ್ಲಿ ಹುಡುಕಿದ್ರಿ ಅನ್ನೋ ಪಟ್ಟಿನ ಫೈಲಲ್ಲಿಡಿ, ಮುಂದೆ ಹುಡುಕೋರಿಗೆ ಬೇಕಾಗುತ್ತೆ. ಕಾರ್ಯಕ್ರಮದಲ್ಲಿ ಅವನನ್ನ ಕೊನೆಗೆ ಇಡ್ಬೇಡಿ, ಕಲ್ಲು ಸಾಲಲ್ಲಿ ಎಲ್ಲಿದೆಯೋ ಅಲ್ಲೇ ಅವನ ಸರದಿ ಬರ್ಲಿ, ಉಳಿದವರಿಗೆ ಎಷ್ಟು ಹೊತ್ತು ನಿಂತ್ರೋ ಇಲ್ಲೂ ಅಷ್ಟೇ ಹೊತ್ತು ನಿಂತು ಆಮೇಲೆ ಮುಂದಿನ ಹೆಸರಿಗೆ ಹೋಗಿ.